ಐದು ಹೆತ್ತವಳ ಧೈರ್ಯ

ಆಸ್ಪತ್ರೆಯ ಬೆಂಚಿನ ಮೇಲೆ ಲಂಗದ ಅಂಚು ಹೊಲಿಯುತ್ತಾ ಸರದಿಗೆ ಕಾದಿದ್ದ ದರ್ಜಿಯಮ್ಮನ ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಮಾತ್ರ ಪಕ್ಕದ ಅಕ್ಕತಂಗಿಯರ ಕಡೆಗಿತ್ತು.

"ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಚಿಕ್ಕಮ್ಮನಿಗೂ ಅದೇ. ನೀನೋ ಒಂದೂ ಹೆರಲಿಲ್ಲ. ಅದಕ್ಕೇ ನಿನ್ನ ತಪಾಸಣೆಗೆ ಎಳ್ಕೊಂಡು ಬಂದೆ," ಎಂದಳು ತಲೆ ನರೆತ ಅಕ್ಕ.

"ಹೆರದವರಿಗೆ ಅಪಾಯ ಸ್ವಲ್ಪ ಜಾಸ್ತಿಯಂತೆ, ನಿಜ. ಆದರೆ ನಾನು ವರ್ಷಗಟ್ಟಲೆ ಮಾತ್ರೆ ನುಂಗಿದೀನಲ್ಲ, ಅದು ಕಡಿಮೆ ಮಾಡುತ್ತಂತೆ. ಡಾಕ್ಟರೇ ಹೇಳಿದರು."

"ಮಕ್ಕಳಾಗದ ಹಾಗೆ ನುಂಗ್ತಿದ್ದೆಯಲ್ಲ, ಆ ಮಾತ್ರೆನಾ? ಅದಕ್ಕೆ ನಿನ್ನ ಎಷ್ಟು ಬೈದಿದ್ದೆ!"

"ಬೈದಿದ್ದಷ್ಟೇ ಅಲ್ಲ, ನನ್ನ ಹತ್ರ ಮಾತೂ ಬಿಟ್ಟಿದ್ದೆ ನೀನು."

"ಹೋಗಲಿ ಬಿಡು. ನನಗಂತೂ ಚಿಂತೆಯಿಲ್ಲ. ಐದು ಹೆತ್ತು, ಐದಕ್ಕೂ ಹಾಲೂಡಿಸಿದವಳು. ಅದು ನನ್ನ ಹತ್ತಿರ ಸುಳಿಯಲ್ಲ."

"ಅದಕ್ಕೇ ನಿನ್ನ ಹೆಸರು ಬರೆಸಲಿಲ್ವಾ?"

"ಮತ್ತೆ?"

"ಹೆತ್ತರೆ ಕಡಿಮೆ ಅಂದರು ಅಕ್ಕ, ಬರೋದೇ ಇಲ್ಲ ಅನ್ನಲಿಲ್ಲ. ನಮ್ಮಮ್ಮ ಎಷ್ಟು ಹೆತ್ತಿದ್ದಳು?"

ಅಕ್ಕ ಬೆರಳು ಮಡಚಿ ಎಣಿಸಿದಳು. "ಆರು."

ದರ್ಜಿಯಮ್ಮನ ಸೂಜಿ ಅಲ್ಲೇ ನಿಂತಿತು.

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ತಂಗಿಯನ್ನು ಕರೆದಳು.

"ಇಬ್ಬರಿದ್ದೀವಿ ಸಿಸ್ಟರ್," ಎನ್ನುತ್ತಾ ತಂಗಿ ಎದ್ದಳು.

"ನೀನು ಮೊದಲು ಹೋಗೇ."

"ಸ್ನಾನಕ್ಕೆ, ಊಟಕ್ಕೆ, ಹೊಸ ಬಟ್ಟೆಗೆ, ಎಲ್ಲಕ್ಕೂ ದೊಡ್ಡವಳು ನಾನೇ ಮೊದಲು ಅಂತಿದ್ದೆಯಲ್ಲ. ನಡಿ ಈಗ!"

ಅಕ್ಕ ನಗು ತಡೆಯಲಾರದೆ ಎದ್ದು ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಾ, ನಿನ್ನ ಬಾಯಿ ಕಡಿಮೆ ಮಾಡೋ ಮಾತ್ರೆ ಇದೆಯಾ ಅಂತ ಮೊದಲು ಕೇಳ್ತೀನಿ."