ಗರ್ಭಿಣಿಯರ ರಜಿಸ್ಟರಿನಲ್ಲಿ ಗುಡಿಯಾ

ಔರಾದದಿಂದ ಭಾಲ್ಕಿಗೆ ಹೊರಟ ಬಸ್ಸಿನಲ್ಲಿ ಆಶಾ ಕಾರ್ಯಕರ್ತೆ ಕೌಸಲ್ಯಾಬಾಯಿ ತೊಡೆಯ ಮೇಲೆ ರಜಿಸ್ಟರ್ ಬಿಚ್ಚಿ, ಪಕ್ಕದ ನರ್ಸಿಗೆ ತೋರಿಸುತ್ತಿದ್ದಳು. ಹಿಂದಿನ ಸೀಟಿನ ಮಕ್ಸೂದನಿಗೆ ಅವರ ಮಾತೆಲ್ಲ ಕೇಳುತ್ತಿತ್ತು.

“ಗುಡಿಯಾ ಸತ್ತು ಹದಿನೈದು ದಿನ ಆತ್ರಿ ಸಿಸ್ಟರ್. ಇದರಾಗ ಇನ್ನೂ ಗರ್ಭಿಣಿನೇ ಇದ್ದಾಳ. ಗುಳಿಗಿ ನುಂಗ್ರಿ ಅಂತ ಆಕಿ ಗಂಡನ ಫೋನಿಗಿ ಸರ್ಕಾರದ ಮೆಸೇಜ್ ಬರಲತ್ತದ.”

“ಹೆರಿಗಿಗಿ ಉದಗೀರಕ್ಕ ಹೋಗಿ ಸತ್ತಾಳ, ಮಹಾರಾಷ್ಟ್ರದಾಗ. ನಮಗ್ಯಾಕ? ಊರು ಬಿಟ್ಟು ಹೋಗ್ಯಾಳಂತ ಬರೀರಿ.”

“ಅಲ್ಲಿನವರು ಕರ್ನಾಟಕದಾಕಿ ಅಂತಾರ್ರಿ.”

“ಸತ್ತಾಳಂತ ಬರದ್ರ ತನಿಖಿ ಆಗ್ತದ. ಮೂರು ತಿಂಗಳು ನೀವು ಆಕಿ ಮನಿಗಿ ಹೋಗೇ ಇಲ್ಲ, ಹೋಗೀನಂತ ಬರದೀರಿ.”

“ಕೆಳಗ ನಿಮ್ಮ ಸಹಿನೂ ಅದರಿ.”

“ಅದಕ್ಕೇ ಹೇಳ್ತೇನಿ.”

ಭಾಲ್ಕಿ ಹತ್ತಿರ ಬಂತು. ಕೌಸಲ್ಯಾಬಾಯಿ ಹಿಂದಕ್ಕೆ ತಿರುಗಿ ಪೆನ್ನು ಕೇಳಿದಳು. ಮಕ್ಸೂದ ಕೊಟ್ಟ. ಸಿಸ್ಟರ್ ಹೇಳಿದಂತೆಯೇ ಬರೆದು, “ಶುಕ್ರಿಯಾ ಭಾಯಿ” ಎಂದು ಪೆನ್ನು ಹಿಂದಿರುಗಿಸಿ ಇಳಿದುಹೋದಳು.