ಎರಡನೆಯ ಸಲವೂ ನನ್ನ ಕೈಗೇ ಕೊಟ್ಟ ವೇದಾವತಿ ಮೇಡಂ

ತಾವರೆಕೆರೆಯ ಈ ಭವನದಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ, ಜೈ ಭೀಮ್. ಮುಂದಿನ ಸಾಲಿನಲ್ಲಿ ಕುಳಿತಿರುವ, ಮೇಡಂ ಅವರ ತಾಯಿ ಓಬಳಮ್ಮನವರೇ, ಅವರ ತಮ್ಮ ದೇವರಾಜು ಅವರೇ — ನಿಮ್ಮ ದುಃಖದ ಎದುರು ನನ್ನ ಮಾತು ಸಣ್ಣದು. ಆದರೂ ಆಡದೆ ಹೋದರೆ ನನಗೆ ಸಮಾಧಾನವಿಲ್ಲ.

ನಾನು ರೇಣುಕಪ್ರಸಾದ್, ಕಳ್ಳಂಬೆಳ್ಳದವನು. ಬೆಂಗಳೂರಿನಲ್ಲಿ ಡಾಕ್ಟರ್ ವೇದಾವತಿ ಅವರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ಹೋದ ತಿಂಗಳು ಮಿದುಳಿನ ರಕ್ತಸ್ರಾವದಿಂದ ಅವರು ಹೋಗಿಬಿಟ್ಟರು. ಐವತ್ತಾರು ವಯಸ್ಸು — ಹೋಗುವ ವಯಸ್ಸೇ ಅದು?

ಮೇಡಂ ಏನು ಮಾಡುತ್ತಿದ್ದರು ಅಂತ ಊರಿನವರು ಬಹಳ ಜನ ಕೇಳಿದಿರಿ. ನೋಡಿ — ಇಲ್ಲಿ, ಕಣ್ಣಿನ ಕಪ್ಪುಗುಡ್ಡೆಯೂ ಬಿಳಿಯೂ ಸೇರುವ ಅಂಚಿನಲ್ಲಿ ಕಾಂಡಕೋಶಗಳಿರುತ್ತವೆ. ಸ್ಟೆಮ್ ಸೆಲ್ ಅನ್ನುತ್ತಾರಲ್ಲ, ಅವೇ. ಕಣ್ಣಿನ ಮೇಲ್ಪೊರೆ ಸವೆದಂತೆಲ್ಲ ಹೊಸದು ಹುಟ್ಟಿಸುವುದು ಅವುಗಳ ಕೆಲಸ. ಸುಣ್ಣವೋ ಆಸಿಡ್ಡೋ ಬಿದ್ದು ಅವು ಸತ್ತರೆ, ಕಣ್ಣಿನ ಮೇಲೆ ಬಿಳಿ ಪೊರೆ ಮುಚ್ಚಿಕೊಳ್ಳುತ್ತದೆ. ಮೇಡಂ ಒಳ್ಳೆಯ ಕಣ್ಣಿನಿಂದ ಎಳ್ಳುಕಾಳಿನಷ್ಟು ಚೂರು ತೆಗೆಸಿ, ಹೆರಿಗೆಯಾದ ತಾಯಂದಿರು ದಾನ ಕೊಟ್ಟ ಮಾಸಿನ ತೆಳುಪೊರೆಯ ಮೇಲೆ ಬೆಳೆಸಿ, ಕೆಟ್ಟ ಕಣ್ಣಿಗೆ ಹಾಕಲು ಸರ್ಜನ್ನರಿಗೆ ಕೊಡುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಪುರವರದಿಂದ ಲಕ್ಷ್ಮಯ್ಯ ಬಂದರು. ಮನೆಗಳಿಗೆ ಸುಣ್ಣ ಬಳಿಯುವ ಕೆಲಸ ಅವರದು. ಬೇಯುತ್ತಿದ್ದ ಸುಣ್ಣ ಸಿಡಿದು ಎಡಗಣ್ಣು ಹೋಗಿತ್ತು. ಬಲಗಣ್ಣಿನಿಂದ ಚೂರು ತೆಗೆದೆವು. ಅದನ್ನು ಬೆಳೆಸುವ ಜವಾಬ್ದಾರಿ ನನ್ನದು.

ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯ ತಳದಲ್ಲಿ ಒಂದು ನೀರಿನ ತಟ್ಟೆ ಇರುತ್ತದೆ. ವಾರಕ್ಕೊಮ್ಮೆ ಆ ನೀರು ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆ ಶನಿವಾರ ಊರಿನಲ್ಲಿ ಮದುವೆ, ನನಗೆ ಬಸ್ಸಿನ ಅವಸರ. ನೀರು ಬದಲಿಸಲಿಲ್ಲ. ಬದಲಿಸಿದ್ದೇನೆ ಅಂತ ರಿಜಿಸ್ಟರಿನಲ್ಲಿ ಬರೆದೆ — ಹೌದು, ಸುಳ್ಳು ಬರೆದೆ. ಬುಧವಾರ ನೋಡಿದರೆ ಬೂಷ್ಟು. ಲಕ್ಷ್ಮಯ್ಯನವರ ಕಣ್ಣಿನ ಚೂರು ಕೆಟ್ಟುಹೋಗಿತ್ತು.

ಮೇಡಂ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ, ಕೆಲಸ ಹೋಗುತ್ತದೆ ಅಂದುಕೊಂಡಿದ್ದೆ. ಅವರು ಬ್ಯಾಗು ಎತ್ತಿಕೊಂಡು, "ನಡೀರಿ, ಪುರವರಕ್ಕೆ ಹೋಗಾಣ," ಅಂದರು. ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಲಕ್ಷ್ಮಯ್ಯನವರ ಮನೆಯಲ್ಲಿ ಚಾಪೆಯ ಮೇಲೆ ಕೂತು ಮೇಡಂ ಹೇಳಿದರು: "ನೀವು ನಂಬಿ ಕೊಟ್ಟಿದ್ದನ್ನ ನಾವು ಕೆಡಿಸಿಬುಟ್ವಿ. ತಪ್ಪು ನಮ್ಮ ಲ್ಯಾಬಿಂದು. ಇನ್ನೊಂದ್ಸಲ ಕೊಡಿ ಅಂತ ಕೇಳಕ್ಕೆ ಬಂದಿದ್ದೀನಿ."

ಅವರ ಹೆಂಡತಿ ಎದ್ದು ನಿಂತರು. "ಇರಾದೊಂದು ಕಣ್ಣು ಕಣಮ್ಮ! ಅದ್ನೂ ಎಷ್ಟು ಸತಿ ಕುಯ್ತೀರಾ? ಅದೂ ಹೋದ್ರೆ ಕೈ ಹಿಡ್ದು ನಡ್ಸೋರ್ಯಾರು?"

ಮೇಡಂ ವಾದ ಮಾಡಲಿಲ್ಲ. "ನೀವು ಕೇಳೋದು ಸರಿಯಾಗೈತಮ್ಮ. ಬ್ಯಾಡ ಅಂದ್ರೂ ನಿಮ್ಮ ಯಜಮಾನ್ರ ಕಣ್ಣು ನೋಡ್ಕೊಳ್ಳೋದು ನಿಲ್ಸಲ್ಲ," ಅಂದು ಎದ್ದರು. ಅಲ್ಲಿ ಒಂದು ಸಲವೂ — ಒಂದು ಸಲವೂ — ಅವರ ಬೆರಳು ನನ್ನ ಕಡೆ ತಿರುಗಲಿಲ್ಲ. ನಾನು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆ. ನಾನೂ ಬಾಯಿ ಬಿಡಲಿಲ್ಲ.

ಮೂರು ವಾರ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಲಕ್ಷ್ಮಯ್ಯ ಹೇಳಿದ್ದಿಷ್ಟೆ: "ತೆಪ್ಪು ನಮ್ದು ಅಂತ ಮನೆಗಂಟ ಬಂದು ಹೇಳ್ದೋರು ನೀವೊಬ್ರೇ ಕಣಮ್ಮ. ತಗಳಿ."

ಎರಡನೆಯ ಚೂರು ಬಂತು. ಮೇಡಂ ಅದನ್ನು ನನ್ನ ಕೈಗೇ ಕೊಟ್ಟರು. ನಾನು ಹಿಂದೆ ಸರಿದೆ — "ಬೇಡ ಮೇಡಂ, ಬೇರೆಯವರಿಗೆ ಕೊಡಿ." ಅವರು ಅಂದರು, "ಇನ್ನು ಮೇಲೆ ಆ ನೀರಿನ ತಟ್ಟೆ ನಿಮ್ಮಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ? ನೀವೇ ಮಾಡಿ."

ಆ ಹದಿನಾಲ್ಕು ದಿನವೂ ಬೆಳಗ್ಗೆ ಸಂಜೆ ಆ ನೀರಿನ ತಟ್ಟೆ ನೋಡಿದೆ. ಕೋಶಗಳು ಬೆಳೆದವು. ಆಪರೇಷನ್ ಆಯಿತು. ಆರು ತಿಂಗಳ ಮೇಲೆ ತಪಾಸಣೆಯಲ್ಲಿ ಬಲಗಣ್ಣು ಮುಚ್ಚಿ, "ಏನು ಕಾಣ್ತದೆ?" ಅಂತ ಮೇಡಂ ಕೇಳಿದರು. ಲಕ್ಷ್ಮಯ್ಯ ಕತ್ತು ಮುಂದೆ ಚಾಚಿ — ಹೀಗೆ — ನೋಡಿ, "ನಿಮ್ ಕೋಟಿಂದು ಒಂದು ಗುಂಡಿ ಕಿತ್ತೋಗೈತೆ ಕಣಮ್ಮ," ಅಂದರು. ಮೇಡಂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಅವರು ಒಂದು ನಿಯಮ ತಂದರು: ಯಾರ ಕಣ್ಣಿನ ಚೂರೇ ಆಗಲಿ, ಎರಡು ಭಾಗ ಮಾಡಿ ಎರಡು ಬೇರೆ ಇನ್‌ಕ್ಯುಬೇಟರಿನಲ್ಲಿ ಬೆಳೆಸಬೇಕು. ನಮ್ಮ ಸೋಲನ್ನು ಮುಚ್ಚಿಡದೆ ಸಂಶೋಧನಾ ಪ್ರಬಂಧದಲ್ಲಿ ಬರೆದರು. ಅದನ್ನು ಓದಿ ಬೇರೆ ಊರಿನ ಪ್ರಯೋಗಾಲಯಗಳೂ ಹಾಗೇ ಮಾಡತೊಡಗಿದವು. ನಮ್ಮಲ್ಲೇ ಇನ್ನೂರಕ್ಕೂ ಹೆಚ್ಚು ಜನಕ್ಕೆ ನೋಟ ಮರಳಿತು. ಎಲ್ಲರಿಗೂ ಅಲ್ಲ; ಆಗದವರಿಗೂ ಮೇಡಂ ಎದುರು ಕೂತೇ ಹೇಳುತ್ತಿದ್ದರು.

ಹನ್ನೊಂದು ವರ್ಷ ನಾನು ಲಕ್ಷ್ಮಯ್ಯನವರಿಗೆ ನಿಜ ಹೇಳಿರಲಿಲ್ಲ. ಇವತ್ತು ಬೆಳಗ್ಗೆ, ಅವರೂ ಇಲ್ಲಿಗೇ ಹೊರಟಿದ್ದಾಗ, ಶಿರಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈ ಮುಗಿದು, "ಅವತ್ತು ಕೆಡಿಸಿದ್ದು ನಾನು," ಅಂದೆ. ಅವರು ನನ್ನ ಮುಖ ನೋಡಿದರು — ಎರಡೂ ಕಣ್ಣಿನಿಂದ. "ಎಲ್ಡನೇ ಸತಿ ಬೆಳ್ಸಿದ್ದೂ ನೀವೇನಾ?" ಹೌದು ಅಂದೆ. "ಸರಿ ಬುಡಿ ಸಾ. ಬನ್ನಿ, ಹೊತ್ತಾಯ್ತದೆ," ಅಂದು ನನ್ನ ಕೈ ಹಿಡಿದು ಬಸ್ಸು ಹತ್ತಿಸಿದರು.

ಓಬಳಮ್ಮನವರೇ, ನಿಮ್ಮ ಮಗಳು ಎಷ್ಟೋ ಜನಕ್ಕೆ ಕಣ್ಣು ಕೊಟ್ಟರು. ನನಗೆ ತಲೆ ಎತ್ತಿ ನಿಲ್ಲುವ ಧೈರ್ಯ ಕೊಟ್ಟರು. ಆ ಋಣಕ್ಕೆ ನನ್ನ ನಮಸ್ಕಾರ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ಕಣ್ಣು ಮುಚ್ಚಬೇಕೆಂದೂ ಇಲ್ಲ — ತೆರೆದುಕೊಂಡೇ, ಅವರನ್ನು ನೆನೆಯೋಣ.