ನಿಮ್ಮಜ್ಜ ಚೆಲ್ಲಿದ ಬೂದಿ

…ಇವತ್ತ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಎಷ್ಟ ದಿನಾ ದೂಡ್ತೀ ಅನಘಾ? ಮೆಲ್ಬರ್ನ್‌ದಾಗ ನಿನಗ ಕೆಲಸ ಸಿಕ್ಕದ, ರೂಮ್ ಬುಕ್ ಆಗೇದ, ನಿಮ್ಮಪ್ಪಗ ಒಂದ ಮಾತ ಗೊತ್ತಿಲ್ಲ. ನೀ ಕೂಡು, ನಾ ಕೂಡಂಗಿಲ್ಲ, ನನಗ ಕೂತ್ರ ಸಮಾಧಾನ ಇರೂದಿಲ್ಲ, ಅಡ್ಡಾಡಿಕೋತ ಹೇಳ್ತೀನಿ. ನಮ್ಮ ಮನಿ ಇರೂ ಈ ಕೆಲ್ಲಿವಿಲ್ ನೆಲಾ ನೋಡು, ಎಷ್ಟ ಕುಣದ್ರೂ ಅಳ್ಳಾಡೂದಿಲ್ಲ. ನಿಮ್ಮಜ್ಜಗ ಮೊದಲನೇ ನೌಕರಿ ಸಿಕ್ಕದ್ದು ಜರ್ಮನಿಯೊಳಗ, ಸಣ್ಣ ಹಳ್ಳಿ, ಹಳ್ಳಿ ಅಂದ್ರೇನು, ಒಂದ ಕಾಲುವಿ, ಅದರ ದಂಡಿಗುಂಟ ಸಾಲಾಗಿ ಮನಿ, ಅಷ್ಟ. ಆ ಊರು ಕಟ್ಟಿದ್ದ ಕೆಸರಿನ ಮ್ಯಾಲ. ಕೆಸರಲ್ಲ, ತಡಿ, ತಪ್ಪ ಹೇಳಿದೆ, ಹುಲ್ಲು ಪಾಚಿ ನೀರಾಗ ಕೊಳತು ಕೊಳತು ಕರ್ರಗಾದ ಮಣ್ಣು, ಪೀಟ್ ಅಂತಾರಲ್ಲಾ, ಅದು. ಲಾರಿ ಹೋದ್ರ ಕಪಾಟಿನ್ಯಾಗ ಕಪ್ಪು ಬಸಿ ಗಲಗಲ ಅಂತಿದ್ವು. ಆ ಮಣ್ಣನ್ನ ಇಟ್ಟಂಗಿ ಹಂಗ ಕಡದು, ಒಣಗಿಸಿ, ಒಲಿಗೆ ಹಾಕ್ತಿದ್ರು, ನಮ್ಮ ಸಗಣಿ ಕುಳ್ಳಿನಂಗ. ನಿಮ್ಮಜ್ಜ ಏನ ಮಾಡಿದ್ರು, ಧಾರವಾಡದಾಗ ತಿಪ್ಪಿಗೆ ಚೆಲ್ಲಿದಂಗ ಒಲಿ ಬೂದಿ ಹಿತ್ತಲದಾಗ ಚೆಲ್ಲಿ ಬಂದ್ರು, ಕೆಂಡಾ ಸಮೇತ! ಸಂಜಿಗೆ ನೋಡ್ತೀನಿ, ಉರಿ ಇಲ್ಲ, ಬರೇ ಹೊಗಿ ವಾಸನಿ. "ರೀ, ನೆಲಾ ಬಿಸಿ ಆಗೇದ್ರೀ" ಅಂದೆ. "ಮಣ್ಣಿಗೆ ಬೆಂಕಿ ಹತ್ತತದೇನ ಹುಚ್ಚೀ?" ಅಂತ ಒಂದ ಬಕೀಟ ನೀರ ಸುರುವಿದ್ರು. "ಯಾರ ಮುಂದೂ ಬಾಯಿ ಬಿಡಬ್ಯಾಡ, ನೌಕರಿ ಹೋದೀತು."

ಏನಂದಿ? "ಸಾಯಿಲ್ ಕಾಂಟ್ ಬರ್ನ್ ಅಜ್ಜಿ"? ಹೂಂ, ಅಜ್ಜನ ಮಮ್ಮಗಳ ನೀನು! ಮರುದಿನ ಅವರು ಕೆಲಸಕ್ಕ ಹೋದ್ರು, ನನಗ ಒಂದ ಕಡೆ ನಿಂದರಾಕ ಆಗವಲ್ದು, ಒಳಗ ಹೊರಗ, ಒಳಗ ಹೊರಗ. ನೋಡಿದ್ರ ಹೊಗಿ ಬಾಜೂಮನಿ ಮುದುಕ ಹಾನ್ಸ್‌ನ ಆಲೂಗಡ್ಡಿ ಹೊಲದಾಗಿಂದ ಏಳಾಕತ್ತದ! ಬೆಂಕಿ ನೆಲದೊಳಗ ಹರಕೋತ ಹೋಗಿತ್ತವ್ವಾ. ಭಾಷಾ ಬರೂದಿಲ್ಲ, ಬಾಗಿಲಾ ಬಡದು ಆ ಮುದುಕನ ತೋಳ ಹಿಡದು ಎಳಕೊಂಡ ಬಂದೆ. ಆವಾ ಬೈಲಿಲ್ಲ. ಒಂದ ಕೂಗ ಹಾಕಿದಾ, ಸಾಲಮನಿಯವರೆಲ್ಲಾ ಸಲಿಕಿ ತಂದ್ರು, ನನ್ನ ಕೈಯಾಗೂ ಒಂದ ಕೊಟ್ರು. ಸುತ್ತಲೂ ತೆಗ್ಗ ತಗದು ಕಾಲುವಿ ನೀರ ಬಿಟ್ವಿ. ಅರ್ಧ ಹೊಲಾ ಹೋತು.

ಸಂಜಿಗೆ ಬಂದ ನಿಮ್ಮಜ್ಜ ತಲಿ ತಗ್ಗಿಸಿ, "ಬೂದಿ ಚೆಲ್ಲಿದಾವ ನಾನ" ಅಂದ್ರು. ಹಾನ್ಸ್ ಏನೋ ಅಂದಾ, ಅಜ್ಜ ಆಮ್ಯಾಲ ನನಗ ತಿಳಿಸಿ ಹೇಳಿದ್ರು: "ಇಲ್ಲಿ ಎಲ್ಲಾರ ಮನ್ಯಾಗೂ ಒಬ್ಬರು ಹಿಂಗ ಮಾಡ್ಯಾರ. ನಿನ್ನೇ ಹೇಳಿದ್ದರ ಒಂದ ಬುಟ್ಟಿ ಮಣ್ಣ ಅಗದು ತಗಿಯೂದ್ರಾಗ ಮುಗೀತಿತ್ತು." ನೌಕರಿ ಹೋಗಲಿಲ್ಲ, ಆದ್ರ ಅಜ್ಜ ಎರಡ ದಿನಾ ಊಟಾ ಮಾಡಲಿಲ್ಲ.

ನಿಮ್ಮಪ್ಪನ ಕಾರ್ ಬಂತ ನೋಡು. ಏಳ ಮತ್ತ! ಬುಟ್ಟಿ ಮಣ್ಣಿನಾಗ ಮುಗಿಯೂದಕ್ಕ ಹೊಲಾ ಯಾಕ ಅಗೀತೀ?